ಅಳತೆಗೋಲಿನ ನೆಗಡಿ

ಬೆಳಗ್ಗೆ ಏಳೂವರೆಗೆ ಉಗುಳುವುದು ಶೀಸೆಯಣ್ಣನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇದ್ದದ್ದು ಶೀಸೆ ತೊಳೆಯುವುದು, ಕೊಳವೆ ತೊಳೆಯುವುದು, ನೆಲ ಒರೆಸುವುದು, ಮತ್ತು ಕೊನೆಯಲ್ಲಿ 'ಮೇಲಿನವರು ಹೇಳುವ ಇತರ ಕೆಲಸಗಳು'. ಈ 'ಇತರ' ಎಂಬುದರ ಹೊಟ್ಟೆ ಬಲು ದೊಡ್ಡದು. ಒಂಬತ್ತು ವರ್ಷ ಹನ್ನೊಂದು ತಿಂಗಳಲ್ಲಿ ಅದರೊಳಗೆ ನಿರ್ದೇಶಕರ ಕೆಟ್ಟ ಕಾರು ತಳ್ಳುವುದು, ಅವರ ಮಗಳ ಶಾಲೆಯ ನಾಟಕಕ್ಕೆ ರಟ್ಟಿನ ಸಿಂಹಾಸನ ಹೊರುವುದು, ಆಡಳಿತಾಧಿಕಾರಿಯ ನಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ದು ತಾನು ಕಚ್ಚಿಸಿಕೊಂಡು ಬರುವುದು, ಎಲ್ಲವೂ ಹಿಡಿಸಿತ್ತು. ಇಷ್ಟೆಲ್ಲ ನುಂಗಿದ ಹೊಟ್ಟೆಗೆ ಒಂದು ಹನಿ ಉಗುಳು ಯಾವ ಲೆಕ್ಕ?

ಆ ಸಂಸ್ಥೆಯವರು ವೈರಸ್ ಪತ್ತೆ ಮಾಡುವ ಯಂತ್ರ ತಯಾರಿಸುತ್ತಿದ್ದರು. ಬೆರಳಗಲದ ಒಂದು ಪಟ್ಟಿ, ಅದರ ತುದಿಯಲ್ಲಿ ಸಾಸಿವೆಯಷ್ಟು ಚಿನ್ನ, ಚಿನ್ನದ ಮೇಲೆ ವೈರಸ್ ಕಂಡರೆ ಗಬಕ್ಕನೆ ಹಿಡಿದುಕೊಳ್ಳುವ ಪ್ರೋಟೀನಿನ ಲೇಪ. ಅದರ ಮೇಲೆ ಒಂದು ಹನಿ ಉಗುಳು ಬಿಟ್ಟು ಇಷ್ಟೇ ಇಷ್ಟು ಕರೆಂಟು ಹರಿಸುವುದು. ವೈರಸ್ ಇಲ್ಲದಿದ್ದರೆ ಕರೆಂಟು ಸಲೀಸಾಗಿ ಓಡುತ್ತದೆ. ಇದ್ದರೆ ಅದು ಚಿನ್ನದ ಮೇಲೆ ಗುಂಪುಕಟ್ಟಿ ದಾರಿಗೆ ಅಡ್ಡ ಕೂರುತ್ತದೆ, ಕರೆಂಟು ಇಳಿಯುತ್ತದೆ. ಆದರೆ ಇಳಿಯಿತು ಎನ್ನಬೇಕಾದರೆ ಎಲ್ಲಿಂದ ಇಳಿಯಿತು ಎಂಬುದು ಗೊತ್ತಿರಬೇಕಲ್ಲ? ಆದ್ದರಿಂದ ದಿನವೂ ಮೊದಲು ಆರೋಗ್ಯವಂತನೊಬ್ಬನ ಹನಿ ಹಾಕಿ ಯಂತ್ರಕ್ಕೆ 'ಸರಿ ಅಂದರೆ ಇದು' ಎಂದು ಕಲಿಸಬೇಕು. ಇದಕ್ಕೆಂದೇ ತಯಾರಾದ ಕೃತಕ ಉಗುಳು ಬಾಟಲಿಯಲ್ಲಿ ಸಿಗುತ್ತದೆ. ಅದರ ಖರೀದಿಯ ಕಡತ ಆಡಳಿತಾಧಿಕಾರಿಯ ಮೇಜಿನ ಮೇಲೆ ಎಂಟು ತಿಂಗಳಿಂದ ಮಲಗಿತ್ತು. ಶೀಸೆಯಣ್ಣನ ಉಗುಳಿಗೆ ಕಡತ ಬೇಕಿರಲಿಲ್ಲ.

"ನಿಮ್ಮನ್ನೇ ಅಳತೆಗೋಲು ಮಾಡ್ಕೊಂಡಿದೀವಿ ಅಣ್ಣ," ಎಂದಿದ್ದರು ಕನ್ನಡಕದ ಮೇಡಂ. ಯಂತ್ರದ ತಲೆ, ಕೈ, ಕಾಲು ಎಲ್ಲ ರೂಪಿಸಿದ್ದು ಈ ಮೇಡಂ. ಆಕೆಯದೂ ಆರಾರು ತಿಂಗಳಿಗೊಮ್ಮೆ ಕರಾರು ಹೊಸದಾಗಿ ಬರೆಸಿಕೊಳ್ಳುವ ಕೆಲಸ.

ಅಲ್ಲಿಂದ ಶೀಸೆಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಅವನು ಕೂತೆದ್ದ ಕುರ್ಚಿಯನ್ನು ಒರೆಸಿ ಕೂರುವ ಜನ, ಅವನ ಉಗುಳನ್ನು ಚಿನ್ನದ ಮೇಲೆ ಇಡುತ್ತಿದ್ದರು!

ಮನೆಗೆ ಬಂದವನೇ ಹೆಂಡತಿಗೆ ಹೇಳಿದ. ಅವಳೂ ಅದೇ ಸಂಸ್ಥೆಯ ಪ್ಯಾಕಿಂಗ್ ವಿಭಾಗದಲ್ಲಿ, ನಲವತ್ತು ಹೆಂಗಸರ ನಡುವೆ ದಿನಕ್ಕೆ ಸಾವಿರ ಪಟ್ಟಿಗಳನ್ನು ಲಕೋಟೆಗೆ ಹಾಕುವವಳು.

"ಊರಲ್ಲಿ ಎಲ್ಲರ ಆರೋಗ್ಯನೂ ನನ್ನ ಪಕ್ಕದಲ್ಲಿಟ್ಟು ಅಳೀತಾರೆ ಕಣೇ."

"ಹೌದಾ? ಹಾಗಾದ್ರೆ ಬುದ್ಧಿ ಅಳೆಯೋಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ ಅಂತ ಹೇಳಿ," ಎಂದಳು ಅವಳು, ತಟ್ಟೆ ಎತ್ತುತ್ತಾ.

ಮರುದಿನದಿಂದ ಅವನು ಮನೆಯವರ ಲೋಟ ಮುಟ್ಟಲಿಲ್ಲ. ಕಿಟಕಿಯ ಪಕ್ಕ ತನಗೇ ಒಂದು ಸ್ಟೂಲು ಹಾಕಿಸಿಕೊಂಡ. ಅದರ ಮೇಲೂ ಎರಡು ನಿಮಿಷ ಕೂರಲಾರ. ಏಳುತ್ತಾನೆ, ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಾನೆ, ಮೆಟ್ಟಿಲಿಳಿಯುತ್ತಾನೆ, ಯಾರೋ ಸೀನಿದರೆ ಮತ್ತೆ ಹತ್ತುತ್ತಾನೆ. ಕೆಳಗಿನ ಮನೆಯ ದರ್ಜಿ ಎಂದಿನಂತೆ ತಾನು ಅರ್ಧ ಕುಡಿದ ಟೀ ಮುಂದೆ ಚಾಚಿದಾಗ ಶೀಸೆಯಣ್ಣ ಎರಡು ಹೆಜ್ಜೆ ಹಿಂದೆ ಸರಿದು, "ಬೇಡಪ್ಪ, ನಾನು ಅಳತೆಗೋಲು," ಎಂದ.

ದರ್ಜಿ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪು ಎತ್ತಿ ತೋರಿಸಿದ. "ಇದೂ ಅಳತೆಗೋಲೇ. ಹದಿನಾರು ವರ್ಷದಿಂದ ನನ್ನ ಕುತ್ತಿಗೆಯಲ್ಲೇ ಇದೆ. ಒಂದು ದಿನ ಹೀಗೆ ಮಾತಾಡಿದ್ದಿಲ್ಲ."

ಆದರೆ ಆ ಸಂಜೆಯೇ ದರ್ಜಿ ಕೆಮ್ಮುವ ಮಗಳನ್ನು ಎತ್ತಿಕೊಂಡು ಮೇಲೆ ಬಂದ. "ಅದೇನೋ ಅಳೀತಾರಂತಲ್ಲ, ಸ್ವಲ್ಪ ನೋಡು. ಡಾಕ್ಟರ ಹತ್ರ ಹೋದ್ರೆ ಚೀಟಿ, ಸಾಲು, ರಗಳೆ."

ಇಲ್ಲವೆನ್ನಬಹುದಿತ್ತು. ಆದರೆ ಹತ್ತಿರ ಹತ್ತು ವರ್ಷ ಎಲ್ಲರಿಗೂ ಹೂಂ ಎನ್ನುತ್ತ ಬಂದ ನಾಲಿಗೆಗೆ ಇಲ್ಲ ಎನ್ನುವ ಅಭ್ಯಾಸವೇ ತಪ್ಪಿಹೋಗಿತ್ತು. ಶೀಸೆಯಣ್ಣ ಗಂಭೀರವಾಗಿ ಬಗ್ಗಿದ. "ಆ ಅನ್ನು ಮಗೂ." ಮಗು ಆ ಅಂದಿತು, ಮತ್ತು ಅವನ ಮುಖದ ತುಂಬ ಕೆಮ್ಮಿತು. "ನನಗಿಂತ ಸ್ವಲ್ಪ ಹೆಚ್ಚು ಕೆಂಪಗಿದೆ," ಎಂದು ತೀರ್ಪು ಕೊಟ್ಟ.

ಸುದ್ದಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರಿತು. ಮನೆಯ ಒಡತಿ ಹೊಸ ಬಾಡಿಗೆದಾರನನ್ನು ಕರೆತಂದು, "ಇವರನ್ನ ನಿಮ್ಮ ಪಕ್ಕ ನಿಲ್ಲಿಸಿ ನೋಡಿ, ರೋಗಿಷ್ಠರಿಗೆ ನಾನು ಮನೆ ಕೊಡಲ್ಲ," ಎಂದಳು. ಮೊಬೈಲು ರಿಪೇರಿ ಮಾಡುವ ಭಾವಮೈದ, "ಭಾವ, ನೀವು ಸುಮ್ನೆ ನೋಡ್ತಿದ್ರೆ ಜನ ನಂಬಲ್ಲ, ಕೈಯಲ್ಲಿ ಏನಾದ್ರೂ ಹಿಡ್ಕೊಳ್ಳಿ," ಎಂದು ಬಾಗಿಲಿಗೆ ನಿಂತು ಸಾಲು ಮಾಡಿಸಿದ. ಮೂರು ಸಂಜೆಯಲ್ಲಿ ಮೂವತ್ತೊಂದು ಬಾಯಿಗಳು ಅಳತೆಗೋಲಿನ ಮುಖದ ಮುಂದೆ ಆ ಎಂದವು. ಅಳತೆಗೋಲು ಒಂದು ಬ್ಯಾಟರಿ ಹಿಡಿದು ಪ್ರತಿಯೊಂದರೊಳಗೂ ಶ್ರದ್ಧೆಯಿಂದ ಇಣುಕಿತು.

ನಾಲ್ಕನೆಯ ಬೆಳಗ್ಗೆ ಏಳುವಾಗ ಅದರ ಮೂಗು ಸೋರುತ್ತಿತ್ತು.

ಅಂದು ಯಂತ್ರದ ಪ್ರದರ್ಶನ.

ಇಲ್ಲಿ ಒಂದು ನಿಯಮವನ್ನು ಓದುಗರ ಮುಂದಿಡದೆ ಕಥೆ ಮುಂದಕ್ಕೆ ಹೋಗದು. ಅದನ್ನು ಬರೆದವರು ಆಡಳಿತಾಧಿಕಾರಿ. ಯಂತ್ರದಲ್ಲಿ ಕೆಂಪು ದೀಪ ಬಂದ ಸಿಬ್ಬಂದಿ ಏಳು ದಿನ ಆವರಣದೊಳಗೆ ಕಾಲಿಡಕೂಡದು. ಆ ಏಳು ದಿನ ಗೈರುಹಾಜರಿ. ಗೈರುಹಾಜರಿಯೆಂದರೆ ಸೇವೆ ಕಡಿತ. ಸೇವೆ ಕಡಿತವೆಂದರೆ, ಅಷ್ಟು ವರ್ಷದ ದುಡಿಮೆ ಅಳಿಸಿ ಮತ್ತೆ ಮೊದಲ ದಿನದಿಂದ ಎಣಿಕೆ. ಹತ್ತು ವರ್ಷ ಒಂದೇ ಸಮನೆ ಕಡಿತವಿಲ್ಲದೆ ದುಡಿದವನಿಗೆ ಕೆಲಸ ಖಾಯಂ. ಶೀಸೆಯಣ್ಣ ಒಮ್ಮೆ ಆರನೆಯ ವರ್ಷದಲ್ಲಿ, ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಎರಡು ದಿನಕ್ಕೆ, ಮೊದಲ ದಿನಕ್ಕೆ ಬಂದು ನಿಂತಿದ್ದ. ಆಮೇಲೆ ಎಣಿಸಿದ್ದೇ ಈ ಒಂಬತ್ತು ವರ್ಷ ಹನ್ನೊಂದು ತಿಂಗಳು. ಈಗ ಉಳಿದದ್ದು ಒಂಬತ್ತು ದಿನ.

"ಮೇಡಂಗೆ ಹೇಳಿಬಿಡಿ, ನೆಗಡಿ ಅಂತ," ಎಂದಳು ಹೆಂಡತಿ ಬಸ್ಸಿನಲ್ಲಿ.

"ಹೇಳಿದ್ರೆ ನನ್ನನ್ನೂ ಪಟ್ಟಿ ಮೇಲೆ ಹಾಕ್ತಾರೆ. ಕೆಂಪು ಬರುತ್ತೆ. ಒಂಬತ್ತು ದಿನ ಕಣೇ! ಒಂಬತ್ತು ದಿನ ಮೂಗು ಹಿಡ್ಕೊಂಡಿರಲಾರೆನಾ?"

"ಹಿಡ್ಕೊಳ್ಳೋದು ಹೊಸದೇನಲ್ಲ ಬಿಡಿ," ಎಂದಳು. ಅವಳ ಪಕ್ಕ ಕೂತ ಪ್ಯಾಕಿಂಗ್ ಹೆಂಗಸರಿಬ್ಬರು ಕಿಟಕಿಯ ಹೊರಗೆ ನೋಡಿದರು.

ಏಳೂವರೆಗೆ ಮೇಡಂ ಓಡುತ್ತಲೇ ಬಂದರು. "ಅಣ್ಣ, ಬೇಗ, ಅತಿಥಿಗಳು ಬಂದ್ಬಿಡ್ತಾರೆ. ನೆಗಡಿ ಗಿಗಡಿ ಏನಿಲ್ಲ ತಾನೆ?"

ಶೀಸೆಯಣ್ಣ ಬಾಯಿ ತೆರೆದರೆ ಸೀನು ಬರುತ್ತಿತ್ತು. ತಲೆಯನ್ನು ಎರಡೂ ಪಕ್ಕಕ್ಕೆ ಆಡಿಸಿದ. ಹನಿ ಚಿನ್ನದ ಮೇಲೆ ಬಿತ್ತು. ಅದರೊಳಗಿನ ವೈರಸ್ಸುಗಳು ತಮ್ಮ ಪಾಡಿಗೆ ಗುಂಪುಕಟ್ಟಿ ಕೂತವು. ಕರೆಂಟು ಏದುಸಿರು ಬಿಡುತ್ತಾ ದಾಟಿತು. ಸರಿ ಅಂದರೆ ಇದು ಎಂದು ಯಂತ್ರ ನಂಬಿಕೆಯಿಂದ ಕಲಿತುಕೊಂಡಿತು.

ಮೊದಲು ಈ ಯಂತ್ರ ಅಂಕಿಗಳನ್ನು ತೋರಿಸುತ್ತಿತ್ತು. "ಜನಕ್ಕೆ ಅಂಕಿ ಗಿಂಕಿ ಅರ್ಥ ಆಗಲ್ಲ," ಎಂದು ನಿರ್ದೇಶಕರು ಅದನ್ನು ತೆಗೆಸಿ ಎರಡೇ ದೀಪ ಹಾಕಿಸಿದ್ದರು. ಅಳತೆಗೋಲಿನ ಹಾಗಿದ್ದರೆ ಹಸಿರು. ಮೇಲಾಗಲಿ ಕೆಳಗಾಗಲಿ ಸ್ವಲ್ಪ ತಪ್ಪಿದರೂ ಕೆಂಪು.

ಹತ್ತು ಗಂಟೆಗೆ ಆರೋಗ್ಯಾಧಿಕಾರಿ ಬಂದರು. ದಿನವೂ ಸಿಬ್ಬಂದಿಯನ್ನು ಪರೀಕ್ಷಿಸುವ ಗೇಟಿನ ಬಳಿಯೇ ಮೇಜು ಹಾಕಿ ಯಂತ್ರ ಇಟ್ಟಿದ್ದರು. ಪಕ್ಕದಲ್ಲಿ ಶೀಸೆಯಣ್ಣ, ಬಿಳಿಕೋಟು ತೊಟ್ಟು, ಮೂಗಿನ ಎರಡೂ ಹೊಳ್ಳೆಗಳಿಗೆ ಹತ್ತಿ ತುರುಕಿಕೊಂಡು, ಅದು ಕಾಣದಂತೆ ಮುಖಗವಸು ಹಾಕಿಕೊಂಡು ಪಟ್ಟಿ ಎತ್ತಿಕೊಡಲು ನಿಂತಿದ್ದ.

"ಯಂತ್ರದ ಫಲಿತಾಂಶ ನೇರ ಹಾಜರಿಯ ಕಂಪ್ಯೂಟರಿಗೆ ಹೋಗುತ್ತೆ ಸಾರ್," ಆಡಳಿತಾಧಿಕಾರಿ ಅತಿಥಿಗೆ ವಿವರಿಸಿದರು. "ಮಧ್ಯದಲ್ಲಿ ಮನುಷ್ಯನ ಕೈಯೇ ಇಲ್ಲ. ಅತ್ತು ಕರೆದು ಬೇಡ್ಕೊಳ್ಳೋಕೆ ಯಾರೂ ಸಿಗಲ್ಲ. ಮೊದಲು ಪ್ಯಾಕಿಂಗ್‌ನವರನ್ನ ನೋಡೋಣ. ಕೊಳೆಗೇರಿ ಕಡೆಯಿಂದ ಬರೋರು, ನೋಡಿ."

ಮೊದಲ ಹೆಂಗಸು ಬಂದಳು. ಕೆಂಪು. ಎರಡನೆಯವಳು. ಕೆಂಪು. ಮೂರು, ನಾಲ್ಕು, ಐದು. ಕೆಂಪು, ಕೆಂಪು, ಕೆಂಪು. ಹನ್ನೆರಡನೆಯವಳಾಗಿ ಶೀಸೆಯಣ್ಣನ ಹೆಂಡತಿ ಬಂದಳು. ವರ್ಷಕ್ಕೊಮ್ಮೆಯೂ ಸೀನದ ಗಟ್ಟಿ ಹೆಂಗಸು. ಕೆಂಪು. ಅವಳು ದೀಪವನ್ನು ನೋಡಲಿಲ್ಲ. ಗಂಡನ ಮುಖಗವಸಿನ ಮೇಲೆ ನೀರೂರುತ್ತಿದ್ದ ಎರಡು ಕಣ್ಣುಗಳನ್ನು ನೋಡಿದಳು.

ನಲವತ್ತಕ್ಕೆ ನಲವತ್ತು ಕೆಂಪು. ನಲವತ್ತು ಮೊಬೈಲುಗಳು ಒಂದಾದ ಮೇಲೊಂದು ಟಿಣ್ ಅಂದವು. ಆಡಳಿತಾಧಿಕಾರಿಯ ಕಂಪ್ಯೂಟರು ಬಹಳ ಚುರುಕು. 'ನಿಮ್ಮ ಸೇವೆ ಇಂದಿನಿಂದ ಕಡಿತಗೊಂಡಿದೆ. ಏಳು ದಿನಗಳ ನಂತರ ಹೊಸದಾಗಿ ಅರ್ಜಿ ಸಲ್ಲಿಸಿ. ಆರೋಗ್ಯವಾಗಿರಿ.'

"ನಾನು ಹೇಳ್ಲಿಲ್ವಾ ಸಾರ್, ರೋಗ ಎಲ್ಲಿಂದ ಬರುತ್ತೆ ಅಂತ!" ಆಡಳಿತಾಧಿಕಾರಿಯ ಮುಖ ಅರಳಿತು. ಕಾವಲುಗಾರ ನಲವತ್ತು ಜನರನ್ನು ಗೇಟಿನಾಚೆಗೆ ದಬ್ಬಿ ಚಿಲಕ ಹಾಕಿದ. ಹೊರಗಿನಿಂದ ಕೂಗಾಟ ಎದ್ದಿತು. ಒಬ್ಬಳದು ಏಳು ವರ್ಷ. ಒಬ್ಬಳದು ಎಂಟೂವರೆ.

ಶೀಸೆಯಣ್ಣ ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಮೇಜಿನ ಸುತ್ತ ಎರಡು ಸುತ್ತು ಬಂದ. ಮೂರನೆಯ ಸುತ್ತಿಗೆ ನಿರ್ದೇಶಕರ ಎದುರಿಗೆ ನಿಂತುಬಿಟ್ಟ. ಹತ್ತಿಯಿಂದಾಗಿ ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಸಾರ್, ತಪ್ಪಾಯ್ತು. ಅವರಿಗೇನಿಲ್ಲ ಸಾರ್. ನನಗೇ ನೆಗಡಿ. ಅಳತೆಗೋಲೇ ಕೆಟ್ಟಿದೆ."

"ಏನಯ್ಯ ಅದು?"

"ನನ್ನ ಹನಿಯಿಂದ ಅಲ್ವಾ ಸಾರ್ ಕಲಿಸೋದು. ಇವತ್ತು ನನಗೇ ರೋಗ ಸಾರ್. ಹಾಗಾಗಿ ಸರಿಯಿರೋರೆಲ್ಲ ತಪ್ಪಾಗಿ ಕಾಣ್ತಿದಾರೆ."

ನಿರ್ದೇಶಕರು ಅತಿಥಿಯ ಕಡೆ ತಿರುಗಿ ನಕ್ಕರು. ಒಂದು ಪಟ್ಟಿ ತರಿಸಿದರು. ಶೀಸೆಯಣ್ಣನ ಹನಿ ಅದರ ಮೇಲೆ ಬಿತ್ತು. ಹಸಿರು! ಅಂಥ ಹಸಿರನ್ನು ಆ ಯಂತ್ರ ಹಿಂದೆಂದೂ ತೋರಿಸಿರಲಿಲ್ಲ.

"ನೋಡಿದ್ಯಾ? ಯಂತ್ರಕ್ಕಿಂತ ನಿನಗೆ ಹೆಚ್ಚು ಗೊತ್ತೇನಯ್ಯಾ? ನಿನಗೆ ಏನೂ ಆಗಿಲ್ಲ."

"ಸಾರ್, ಆ... ಆ..." ಎನ್ನುತ್ತಿದ್ದಂತೆ ಸೀನು ಹೊರಬಿತ್ತು. ಮುಖಗವಸಿನೊಳಗಿಂದ ಎರಡು ಹತ್ತಿಯುಂಡೆಗಳು ಕೆಳಗೆ ಉದುರಿ ಆರೋಗ್ಯಾಧಿಕಾರಿಯ ಬೂಟಿನ ಮೇಲೆ ಕೂತವು. ಅಧಿಕಾರಿ ಬಗ್ಗಿ ನೋಡಿದರು, ದೀಪವನ್ನು ನೋಡಿದರು. "ಹಸಿರು ಇದೆ," ಎಂದು ಸಮಾಧಾನ ಮಾಡಿಕೊಂಡರು. "ಧೂಳಿರಬೇಕು."

ಆಗ ಗೇಟಿನ ಸರಳುಗಳ ನಡುವಿನಿಂದ ಹನ್ನೆರಡನೆಯವಳ ಗಂಟಲು ಕೇಳಿಸಿತು. "ನಮ್ಮ ಬಾಯೆಲ್ಲ ನೋಡಿ ಆಯ್ತಲ್ಲ ಸಾರ್, ಈಗ ನಿಮ್ಮದೂ ಒಂದೊಂದು ಹನಿ ಬಿಡ್ರಿ! ಚಿನ್ನ ಸವೆಯುತ್ತಾ?"

"ಪರವಾಗಿಲ್ಲ, ಬಿಡೋಣ," ಎಂದರು ಆರೋಗ್ಯಾಧಿಕಾರಿ ಉದಾರವಾಗಿ. "ಫೋಟೋಗೂ ಚೆನ್ನಾಗಿರುತ್ತೆ."

ಫೋಟೋ ಚೆನ್ನಾಗಿ ಬಂತು. ಅದರಲ್ಲಿ ನಿರ್ದೇಶಕರು ನಗುತ್ತಿದ್ದಾರೆ, ಪಕ್ಕದಲ್ಲಿ ಕೆಂಪು ದೀಪ. ಆರೋಗ್ಯಾಧಿಕಾರಿ ಅರ್ಧ ನಗುತ್ತಿದ್ದಾರೆ, ಕೆಂಪು ದೀಪ. ಆಡಳಿತಾಧಿಕಾರಿ ನಗುತ್ತಿಲ್ಲ, ಕೆಂಪು ದೀಪ. ಮೇಡಂ ತಮ್ಮದೂ ಹಾಕಿ ನೋಡಿದರು. ಅವರದೂ ಕೆಂಪು.

ಟಿಣ್.

ಆಡಳಿತಾಧಿಕಾರಿ ಜೇಬಿನಿಂದ ಮೊಬೈಲು ತೆಗೆದರು. ಓದಿದರು. ತಾವೇ ಬರೆದ ಆ ಮೂರು ಸಾಲನ್ನು ಅವರು ಅಷ್ಟು ಕಷ್ಟಪಟ್ಟು ಹಿಂದೆಂದೂ ಓದಿರಲಿಲ್ಲ. "ನನ್ನ... ನನ್ನ ಇಪ್ಪತ್ತೆರಡು ವರ್ಷ!" ಎಂದು ಪಕ್ಕದವರ ತೋಳು ಹಿಡಿದುಕೊಂಡರು. ಆ ತೋಳು ಆರೋಗ್ಯಾಧಿಕಾರಿಯದು. ಅವರು ಚೀರಿ ದೂರ ಹಾರಿದರು.

ಮುಂದಿನ ಅರ್ಧಗಂಟೆ ಆ ಆವರಣದಲ್ಲಿ ಯಾರೂ ನಿಂತಲ್ಲಿ ನಿಲ್ಲಲಿಲ್ಲ. ಕೆಂಪಾದವರೆಲ್ಲ ಗಾಜಿನ ಸಭಾಕೊಠಡಿಗೆ ಓಡಿ ಬಾಗಿಲು ಹಾಕಿಕೊಂಡರು. ಒಳಗೆ ಹೋದಮೇಲೆ ಒಬ್ಬರಿಂದೊಬ್ಬರು ದೂರ ಕೂರಲು ನಾಲ್ಕೂ ಮೂಲೆಗಳಿಗೆ ಕುರ್ಚಿ ಎಳೆದಾಡಿದರು. ಆರೋಗ್ಯಾಧಿಕಾರಿ ಮನೆಗೆ ಫೋನು ಮಾಡಿ ಬೀಗದ ಕೈ ಎಲ್ಲಿದೆ ಎಂಬುದರಿಂದ ಹಿಡಿದು ಆಸ್ತಿಪತ್ರದವರೆಗೆ ಹೇಳಿದರು. ಇಡೀ ಕಟ್ಟಡದಲ್ಲಿ ಆರೋಗ್ಯವಂತನೆಂದು ಸಾಬೀತಾದ ಮನುಷ್ಯ ಈಗ ಒಬ್ಬನೇ. ಅವನು ಹೊರಗಿನಿಂದ ಸೊರಬುಸ ಎನ್ನುತ್ತಾ ಗಾಜಿಗೆ ಮುಖ ಒತ್ತಿ ನಿಂತಿದ್ದ. ನೀರು ತಾ ಎಂದರೆ ಅವನು. ಕಾಗದ ತಾ ಎಂದರೆ ಅವನು. ಅವನು ತಂದಿಟ್ಟ ಲೋಟಗಳನ್ನು ಅವರು ಹಿಂದುಮುಂದು ನೋಡದೆ ಕುಡಿದರು.

"ಈ ನಿಯಮ ಬದಲಾಯಿಸ್ಬೇಕು. ಈಗಲೇ," ನಿರ್ದೇಶಕರು ಮೂಲೆಯಿಂದ ಗುಡುಗಿದರು. "ಐದು ಗಂಟೆಗೆ ಹಾಜರಿ ಮುಚ್ಚಿದ್ರೆ ಮುಗೀತು, ನಾನು ನಾಳೆಯಿಂದ ಹೊಸ ಕೆಲಸಗಾರ!"

"ಬರೀರಿ ಮೇಡಂ," ಆಡಳಿತಾಧಿಕಾರಿ ಹಣೆ ಒರೆಸಿಕೊಂಡರು. "ಕೆಂಪು ಬಂದ ಅಧಿಕಾರಿಗಳಿಗೆ ಏಳು ದಿನ ಸಂಬಳಸಹಿತ ರಜೆ. ಸೇವೆಗೆ ಯಾವ ಕಡಿತವೂ ಇಲ್ಲ. ಅಧಿಕಾರಿಗಳಿಗೆ ಮಾತ್ರ."

ಮೇಡಂ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದರು. ತಲೆಯೆತ್ತಿದರು. "ಸಾರ್, ಹಾಜರಿಯ ಕಂಪ್ಯೂಟರಲ್ಲಿ ಎಲ್ಲರಿಗೂ ಸೇರಿ ಒಂದೇ ನಿಯಮ ಹಾಕೋಕಾಗೋದು. ಅಧಿಕಾರಿಗಳಿಗೆ ಬೇರೆ, ದಿನಗೂಲಿಗೆ ಬೇರೆ ಅಂತ ಮಾಡೋ ಕಂಪ್ಯೂಟರ್ ದುಬಾರಿ ಅಂತ ನೀವೇ ಬೇಡ ಅಂದ್ರಿ."

"ಮಾಡಿಸೋಕೆ ಎಷ್ಟು ದಿನ?"

"ಬೇರೆ ಬೇರೆ ಅಂದ್ರೆ ಎರಡು ವಾರ. ಎಲ್ಲರಿಗೂ ಒಂದೇ ಅಂದ್ರೆ ಎರಡು ನಿಮಿಷ."

ಆಡಳಿತಾಧಿಕಾರಿಯ ಮುಖದಲ್ಲಿ ನಲವತ್ತು ಹೆಂಗಸರಿಗೆ ಸಂಬಳಸಹಿತ ರಜೆ ಕೊಡುವ ಸಂಕಟವೂ ಇಪ್ಪತ್ತೆರಡು ವರ್ಷ ಕಳೆದುಕೊಳ್ಳುವ ಸಂಕಟವೂ ಒಂದನ್ನೊಂದು ಹಿಡಿದು ಜಗ್ಗಾಡಿದವು. "ಹಾಕ್ರೀ!" ಎಂದು ಕಿರುಚಿದರು ನಿರ್ದೇಶಕರು. "ಎರಡು ನಿಮಿಷದ್ದನ್ನೇ ಹಾಕ್ರೀ!"

ಆದೇಶ ಅಚ್ಚಾಯಿತು. ನಿರ್ದೇಶಕರ ಸಹಿ, ಆಡಳಿತಾಧಿಕಾರಿಯ ಸಹಿ, ಆರೋಗ್ಯಾಧಿಕಾರಿಯ ಒಪ್ಪಿಗೆಯ ಮೊಹರು. ಬಾಗಿಲ ಸಂದಿಯಿಂದ ಹೊರಗೆ ಜಾರಿದ ಕಾಗದಗಳನ್ನು ಶೀಸೆಯಣ್ಣ ಎತ್ತಿಕೊಂಡ. "ಫಲಕಕ್ಕೆ ಹಚ್ಚು ಹೋಗು," ಎಂದರು. ಯಾವ ಫಲಕವೆಂದು ಹೇಳಲಿಲ್ಲ. ಗಾಬರಿಯಲ್ಲಿದ್ದ ಮನುಷ್ಯ ಕಂಡಕಂಡಲ್ಲೆಲ್ಲ ಹಚ್ಚಿದ. ಕ್ಯಾಂಟೀನಿಗೆ, ಗೋದಾಮಿಗೆ, ಎರಡೂ ಶೌಚಾಲಯಗಳಿಗೆ, ಕೊನೆಗೆ ಗೇಟಿನ ಹೊರಮುಖಕ್ಕೆ. ಅಲ್ಲಿ ಅವನ ಹೆಂಡತಿ ಅದನ್ನು ಗಟ್ಟಿಯಾಗಿ ಓದಿದಳು. ನಲವತ್ತು ಮೊಬೈಲುಗಳು ಅದರ ಫೋಟೋ ಹಿಡಿದವು.

ಅವನು ಏದುಸಿರು ಬಿಡುತ್ತಾ ಮರಳಿ ಬಂದಾಗ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬಹಳ ಹೊತ್ತಿನಿಂದ ಒರೆಸಿಕೊಳ್ಳುತ್ತಿದ್ದರು. ಅಷ್ಟು ಒರೆಸುವಂಥ ಕೊಳೆ ಅದರಲ್ಲಿ ಇರಲಿಲ್ಲ.

"ಹಚ್ಚಿ ಆಯ್ತಾ ಅಣ್ಣ? ಗೇಟಿಗೂ?"

"ಆಯ್ತು ಮೇಡಂ."

"ಈಗ ನೆನಪಾಯ್ತು ನೋಡಿ," ಎಂದರು ಮೇಡಂ ಕನ್ನಡಕ ಏರಿಸಿಕೊಂಡು. "ನಿನ್ನೆಯ ಹನಿಯ ಅಂಕಿ ಯಂತ್ರದಲ್ಲೇ ಇರುತ್ತೆ. ಹಿಂದಿನ ಗುಂಡಿ ಒತ್ತಿ, ಇವತ್ತಿಂದು ಅಳಿಸಿಹೋಗುತ್ತೆ. ಆಮೇಲೆ ಒಳಗಿರೋರದೆಲ್ಲ ಇನ್ನೊಂದು ಸಲ ನೋಡೋಣ."

ನೋಡಿದರು. ನಿರ್ದೇಶಕರು ಹಸಿರು. ಆರೋಗ್ಯಾಧಿಕಾರಿ ಹಸಿರು. ಆಡಳಿತಾಧಿಕಾರಿ ಎರಡು ಸಲ ಹಾಕಿಸಿಕೊಂಡು ಎರಡು ಸಲವೂ ಹಸಿರು. ಕೊನೆಯ ಹನಿ ಶೀಸೆಯಣ್ಣನದು. ದೀಪ ಕೆಂಪಗೆ ಹೊತ್ತಿಕೊಂಡಿತು.

"ಹೇಳಿದ್ನಲ್ಲ ಸಾರ್," ಎಂದ ಅವನು ದೀನವಾಗಿ.

ಆಡಳಿತಾಧಿಕಾರಿಗೆ ಈಗ ಉಸಿರು ಬಂತು. "ಹಾಗಾದ್ರೆ ಆ ಆದೇಶ ವಾಪಸ್! ಕೀಳಿಸ್ರೀ ಎಲ್ಲ!"

"ವಾಪಸ್ ತಗೊಂಡ್ರೆ ಯಾಕೆ ತಗೊಂಡ್ರಿ ಅಂತ ಮೇಲಿನವರು ಕೇಳ್ತಾರೆ ಸಾರ್," ಎಂದರು ಮೇಡಂ. "ಕೃತಕ ಉಗುಳಿನ ಕಡತ ಎಂಟು ತಿಂಗಳು ಎಲ್ಲಿತ್ತು ಅಂತಲೂ ಕೇಳ್ತಾರೆ."

ಆರೋಗ್ಯಾಧಿಕಾರಿ ಕೆಮ್ಮಿ, ಆ ಕೆಮ್ಮಿಗೆ ತಾವೇ ಹೆದರಿ, "ನನ್ನ ಮೊಹರು ಬಿದ್ದಿದೆ. ಅದು ಹಾಗೇ ಇರ್ಲಿ," ಎಂದರು. ಕಾರಿನ ಕಡೆ ಓಡಿದರು.

ಶೀಸೆಯಣ್ಣನ ಮೊಬೈಲು ಟಿಣ್ ಅಂದಿತು. ಅವನು ಅದನ್ನು ಓದುವ ಮೊದಲು ಗೋಡೆ ಹಿಡಿದುಕೊಂಡ. 'ನಿಮಗೆ ಏಳು ದಿನ ಸಂಬಳಸಹಿತ ರಜೆ. ನಿಮ್ಮ ಸೇವೆ ಕಡಿತವಿಲ್ಲದೆ ಮುಂದುವರಿದಿದೆ.' ಮೂರು ಸಲ ಓದಿದ. ನಾಲ್ಕನೆಯ ಸಲಕ್ಕೆ ಅಕ್ಷರಗಳು ಕಾಣಲಿಲ್ಲ. ನೆಗಡಿಗೆ ಕಣ್ಣಲ್ಲಿ ನೀರು ಬರುವುದು ಸಹಜ.

ರಜೆಯ ಮೊದಲ ದಿನ ಅವನಿಗೆ ಮನೆಯಲ್ಲಿ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಮಲಗಿದ, ಎದ್ದ, ಸ್ಟೂಲಿನಲ್ಲಿ ಕೂತ, ಎದ್ದ. ಕೊನೆಗೆ ತಡೆಯಲಾರದೆ ಕಂಬಳಿ ಹೊದ್ದು ಸಂಸ್ಥೆಯ ಎದುರಿನ ಪಾದಚಾರಿ ದಾರಿಯ ಮೇಲೆ, ಗೇಟಿನಿಂದ ದೂರ, ಬಂದು ನಿಂತ.

ಗೇಟಿನಲ್ಲಿ ಯಂತ್ರ ಇತ್ತು. ಇಷ್ಟು ದಿನ ಜನ ಅದರ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ನುಸುಳುತ್ತಿದ್ದರು. ನಿನ್ನೆಯ ಸುಳ್ಳು ಕೆಂಪುಗಳನ್ನು ರದ್ದು ಮಾಡಿ ಎಲ್ಲರನ್ನೂ ಮತ್ತೆ ಕರೆಸಿದ್ದರು. ಇಂದು ಅದರ ಮುಂದೆ ಉದ್ದ ಸಾಲು. ಸಾಲಿನಲ್ಲಿ ಒಬ್ಬಳು ಬಾಯ್ತುಂಬ ಕೆಮ್ಮುತ್ತಿದ್ದಳು. ಇನ್ನೊಬ್ಬಳು ಸೆರಗಿನ ಮರೆಯಿಲ್ಲದೆ ಮೂಗು ಸೀಟಿದಳು. ಕಾವಲುಗಾರನೂ ಕುರ್ಚಿ ಬಿಟ್ಟು ಸಾಲಿಗೆ ಬಂದು ನಿಂತ. ಕೆಂಪು, ಹಸಿರು, ಹಸಿರು, ಕೆಂಪು. ಹದಿನೇಳು ಜನಕ್ಕೆ ಕೆಂಪು ಬಂತು.

ಕಾರಿನಿಂದಿಳಿದ ನಿರ್ದೇಶಕರು ದೀಪವನ್ನೂ ಸಾಲನ್ನೂ ನೋಡಿದರು. "ಮೇಡಂ, ಮತ್ತೆ ಕೆಟ್ಟಿದೆಯಾ ಇದು?"

"ಇಲ್ಲ ಸಾರ್. ಹೊಸ ಬಾಟಲಿ ಇವತ್ತೇ ಬಂತು, ಅದರಲ್ಲೇ ಕಲಿಸಿದ್ದು. ಸರಿಯಾಗಿದೆ."

"ಹೋದ ವಾರ ಒಬ್ಬರಿಗೂ ಕೆಮ್ಮಿರಲಿಲ್ಲವಲ್ಲ! ಒಂದೇ ದಿನದಲ್ಲಿ ಇಷ್ಟು ಜನಕ್ಕೆ ಎಲ್ಲಿಂದ ಬಂತು ರೋಗ?"

ಸಾಲಿನ ಹನ್ನೆರಡನೆಯ ಜಾಗದಿಂದ ಶೀಸೆಯಣ್ಣನ ಹೆಂಡತಿ ಉತ್ತರ ಕೊಟ್ಟಳು. ರಸ್ತೆಯ ಈಚೆಗೂ ಕೇಳುವಷ್ಟು ಗಟ್ಟಿಯಾಗಿ.

"ಹೊಸದಾಗಿ ಬಂದಿದ್ದಲ್ಲ ಸಾರ್. ಮೊದಲಿಂದ ಇತ್ತು. ನುಂಗ್ಕೊಂಡು ಕೆಲಸ ಮಾಡ್ತಿದ್ವಿ."